ಸುಣ್ಣದ ತಿಳಿ

ಅಡುಗೆಮನೆಗೆ ತಕ್ಕಡಿ ಬಂದ ದಿನವೇ ಹೊನ್ನಮ್ಮನಿಗೆ ಮೈಯೆಲ್ಲ ಉರಿದುಹೋಗಿತ್ತು. ತಕ್ಕಡಿ ಅಂದರೆ ಅಂಗಡಿಯದ್ದಲ್ಲ. ಅಂಗೈಯಗಲದ ಗಾಜಿನ ಹಲಗೆ, ಮೇಲೆ ಏನಿಟ್ಟರೂ ಕೆಂಪು ಅಂಕಿ ತೋರಿಸುವ ಯಂತ್ರ. ಉಪ್ಪಿಗೆ ಮೂರು ಬೆರಳು, ಮೈದಾಹಿಟ್ಟಿಗೆ ತೆಂಗಿನ ಚಿಪ್ಪು, ಬೆಣ್ಣೆಗೆ ಬರೀ ಕಣ್ಣಳತೆ, ಇಷ್ಟರಲ್ಲೇ ಮೂವತ್ತೊಂದು ವರ್ಷ ಬಂಗಲೆಗೆ ಬಂದುಹೋದವರ ಹೊಟ್ಟೆ ತುಂಬಿಸಿದವಳು ಅವಳು. ಈಗ ಅವಳ ಹಿಡಿಯಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ನೋಡಬೇಕಂತೆ. ಬೇರೆ ಯಾರಾದರೂ ಆಗಿದ್ದರೆ ತಕ್ಕಡಿಯ ಸಮೇತ ಹೊರಗೆ ಕಳಿಸುತ್ತಿದ್ದಳು. ತಂದವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳು ಕವನಾ. ಹಾಗಾಗಿ ಬಾಯಿ ಮುಚ್ಚಿಕೊಂಡಳು.

ಗಾಳಿಬೀಡಿನ ಆ ಬಂಗಲೆ ಈಗ ರೆಸಾರ್ಟು. ದೊಡ್ಡ ಸಾವ್ಕಾರರ ಕಾಲದಲ್ಲಿ ಅದು ಬರೀ ಎಸ್ಟೇಟ್ ಬಂಗಲೆಯಾಗಿತ್ತು. ಅವರ ಮಗ ಧರ್ಮೇಶನ ಕೈಗೆ ಬಂದ ಮೇಲೆ ಕಾಫಿ ಒಣಗಿಸುವ ಕಣದಲ್ಲೇ ಎಂಟು ಕಾಟೇಜು ಎದ್ದವು. ಬಂಗಲೆಯ ಬೆನ್ನಿಗಿದ್ದ ಔಟ್‌ಹೌಸಿನಲ್ಲಿ ಹೊನ್ನಮ್ಮನ ವಾಸ. ಅವಳ ಗಂಡ ಸಾಂತಪ್ಪ ಅದೇ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರಾಗಿದ್ದ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಗಳು ಹುಟ್ಟುವ ಮೊದಲಿನಿಂದಲೂ ಬಂಗಲೆಯ ಅಡುಗೆ ಹೊನ್ನಮ್ಮನದೇ. ಆಗ ದೊಡ್ಡ ಸಾವ್ಕಾರರು, ಬಂಗಲೆಯ ಒಲೆ ಹಚ್ಚುವವರು ಯಾರೋ ಔಟ್‌ಹೌಸು ಅವರಿಗೆ, ಎಂದಿದ್ದರು. ಬರೆದುಕೊಟ್ಟ ಮಾತಲ್ಲ, ಬಾಯಿಮಾತು. ಗಂಡನ ಮನೆಯ ಗದ್ದೆ ಮೈದುನಂದಿರು ಉಳುತ್ತಿದ್ದರು. ಸುಂಟಿಕೊಪ್ಪದಲ್ಲಿ ತಮ್ಮನ ಮನೆಯಿತ್ತು. ಹೋದರೆ ಅವನು ಬೇಡ ಅನ್ನಲಾರ, ಆದರೆ ತಮ್ಮನ ಹೆಂಡತಿ ಅನ್ನ ಬಡಿಸುವಾಗ ಪಾತ್ರೆಯ ಸದ್ದು ಜೋರಾಗಿ ಕೇಳುತ್ತಿತ್ತು. ಆ ಸದ್ದು ಕೇಳಿಕೊಂಡು ಉಣ್ಣುವುದಕ್ಕಿಂತ ಬಂಗಲೆಯ ಹೊಗೆ ಕುಡಿಯುವುದೇ ಮೇಲು ಎಂದು ಹೊನ್ನಮ್ಮ ಎಂದೋ ತೀರ್ಮಾನಿಸಿಯಾಗಿತ್ತು. ಒಲೆ ಇದ್ದರೆ ಸೂರು, ಒಲೆ ಹೋದರೆ ಸೂರಿಲ್ಲ.

ಆ ಒಲೆಯನ್ನು ಅವಳ ಕೈಯಲ್ಲಿ ಉಳಿಸಿದ್ದು ಚೆರ್ರಿ ಪೈ. ಬೆಣ್ಣೆ ಹಾಕಿ ಕಲಸಿದ ಮೈದಾದ ಎರಡು ಹೊದಿಕೆ, ನಡುವೆ ಸಕ್ಕರೆಯಲ್ಲಿ ಬೆಂದ ಕೆಂಪು ಹಣ್ಣು. ಅದನ್ನು ಹೊನ್ನಮ್ಮನ ಅತ್ತೆ ಬೋಜಮ್ಮ ಬಂಗಲೆಯ ಹಳೇ ಬಟ್ಲರನಿಂದ ಕಲಿತಿದ್ದಳು, ಬಟ್ಲರ್ ದೊರೆಸಾನಿಯಿಂದ ಕಲಿತಿದ್ದನಂತೆ. ದೊರೆಸಾನಿ ಹಡಗು ಹತ್ತಿದ ಮೇಲೆ ಡಬ್ಬಿಯ ಚೆರ್ರಿ ಬರುವುದೂ ನಿಂತಿತು. ಬೇಲಿಯಲ್ಲಿ ಬಿಡುವ ಕರಂಡೆ ಹಣ್ಣನ್ನು ಅದರ ಜಾಗಕ್ಕೆ ಹಾಕಿದ್ದು ಬೋಜಮ್ಮನ ಧೈರ್ಯ. ಕರಂಡೆಯೇನು ಸಾಮಾನ್ಯದ್ದಲ್ಲ. ಕೊಯ್ದರೆ ಬಿಳಿ ಹಾಲು ಸುರಿಸುತ್ತದೆ, ಹಾಗೇ ಬೇಯಿಸಿದರೆ ಕರಗಿ ಅಂಟಾಗಿ ಹಲ್ಲಿಗೆ ಮೆತ್ತುತ್ತದೆ, ಗಂಟಲು ಕೆರೆಯುತ್ತದೆ. ಬೋಜಮ್ಮ ಅದಕ್ಕೊಂದು ಉಪಾಯ ಕಂಡುಹಿಡಿದಿದ್ದಳು. ಎಲೆಗೆ ಹಚ್ಚುವ ಸುಣ್ಣವನ್ನು ಒಂದು ಉಗುರಿನಷ್ಟು ತೆಗೆದು ಮಡಕೆ ನೀರಿಗೆ ಕದಡಿ, ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು, ಸೂಜಿಯಲ್ಲಿ ಚುಚ್ಚಿದ ಹಣ್ಣನ್ನು ಒಂದು ಇಡೀ ದಿನ ಅದರಲ್ಲಿ ನೆನೆಹಾಕುವುದು. ಆಮೇಲೆ ಆ ನೀರು ಚೆಲ್ಲಿ ಮೂರು ಸಲ ತೊಳೆದರೆ ಹಾಲೂ ಹೋಯಿತು, ಕೆರೆತವೂ ಹೋಯಿತು. ಹಣ್ಣು ಬೆಂದರೂ ಗಟ್ಟಿಯಾಗಿ ನಿಲ್ಲುತ್ತದೆ. ಈ ಕೆಲಸವನ್ನು ಹೊನ್ನಮ್ಮ ಔಟ್‌ಹೌಸಿನ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಾಡುತ್ತಿದ್ದಳು. ಅಡುಗೆಮನೆಗೆ ಬರುವಾಗ ಹಣ್ಣು ತೊಳೆದ ಹಣ್ಣಷ್ಟೇ. ಸುಣ್ಣದ ಡಬ್ಬಿ ಅವಳ ಸೊಂಟದ ಎಲೆಯಡಿಕೆ ಚೀಲದಲ್ಲಿ ಸದಾ ಇರುತ್ತಿತ್ತು, ಯಾರ ಕಣ್ಣಿಗೂ ಅದು ಅಡುಗೆಯ ಸಾಮಾನಾಗಿ ಕಂಡಿರಲಿಲ್ಲ.

ಮಗಳ ಕಣ್ಣಿಗೂ ಇಲ್ಲ. ಅದಕ್ಕೆ ಹೊನ್ನಮ್ಮನೇ ಕಾರಣ. ಈ ಹೊಗೆ, ಈ ಎಂಜಲು ತಟ್ಟೆ ನಿನ್ನ ಹಣೆಯಲ್ಲಿ ಬೇಡ ಎಂದು ಹುಡುಗಿಯನ್ನು ಅಡುಗೆಮನೆಯ ಹೊಸಿಲು ದಾಟಲು ಬಿಟ್ಟವಳಲ್ಲ. ಐದನೇ ಕ್ಲಾಸಿಗೇ ಸುಂಟಿಕೊಪ್ಪದ ತಮ್ಮನ ಮನೆ, ಆಮೇಲೆ ಮಂಗಳೂರಿನ ಹಾಸ್ಟೆಲ್ಲು. ಕವನಾ ಆಹಾರ ಮತ್ತು ಪೋಷಣೆ ಅನ್ನುವ ವಿಷಯದಲ್ಲಿ ಡಿಗ್ರಿ ಮುಗಿಸಿ ಬಂದಳು. ಒಂದೂವರೆ ವರ್ಷ ಊರೂರು ಅರ್ಜಿ ಹಾಕಿದಳು. ಎಲ್ಲಿಯೂ ಕರೆಯಲಿಲ್ಲ. ಕೊನೆಗೆ ಕರೆದವನು ಧರ್ಮೇಶನೇ.

ಅವನಿಗೂ ಅಗತ್ಯವಿತ್ತು ಅನ್ನಿ. ಈಗ ಬರುವ ಗೆಸ್ಟುಗಳು ಮೊದಲಿನವರ ಹಾಗಲ್ಲ. ಕೈಗಡಿಯಾರ ನೋಡಿಕೊಂಡು ಹೆಜ್ಜೆ ಎಣಿಸುತ್ತಾರೆ, ತಟ್ಟೆಗೆ ಬಡಿಸಿದ ಮೇಲೆ ಇದರಲ್ಲಿ ಎಷ್ಟು ಕ್ಯಾಲೊರಿ ಎಂದು ಕೇಳುತ್ತಾರೆ. ಹೊನ್ನಮ್ಮನಿಗೆ ಅದನ್ನು ಕೇಳಿದರೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ತಿನ್ನುವುದೂ ಬೇಕು, ತಿಂದದ್ದಕ್ಕೆ ಅಳುವುದೂ ಬೇಕು! ಒಂದೊಂದು ತಿಂಡಿಯ ಪಕ್ಕ ಒಂದೊಂದು ಕಾರ್ಡು ನಿಲ್ಲಿಸಬೇಕು, ಅದರಲ್ಲಿ ಪೌಷ್ಟಿಕಾಂಶದ ಲೆಕ್ಕವಿರಬೇಕು ಎಂದು ಧರ್ಮೇಶ ಆರು ತಿಂಗಳ ಮೇಲೆ ಕಾಯಂ ಮಾಡುವ ಮಾತಿನ ಮೇಲೆ ಕವನಾಳನ್ನು ತೆಗೆದುಕೊಂಡ. ಮೊದಲ ಕಾರ್ಡು ಚೆರ್ರಿ ಪೈಯದ್ದೇ ಆಗಲಿ ಎಂದ.

ಲೆಕ್ಕ ಹಾಕಬೇಕಾದರೆ ತೂಕ ಬೇಕು. ತೂಕ ಬೇಕಾದರೆ ಅಮ್ಮನ ಕೈಯಿಂದ ಒಂದೊಂದನ್ನೂ ಕಸಿದುಕೊಂಡು ಗಾಜಿನ ಹಲಗೆಯ ಮೇಲೆ ಇಡಬೇಕು. ಎರಡು ದಿನ ಎರಡು ಪೈ ಮಾಡಿಸಿ ಕವನಾ ಹಾಗೇ ಮಾಡಿದಳು. ಚಿಪ್ಪಿನ ಮೈದಾ ಮುನ್ನೂರ ಇಪ್ಪತ್ತು ಗ್ರಾಂ ಆಯಿತು. ಕಣ್ಣಳತೆಯ ಬೆಣ್ಣೆ ನೂರ ಅರವತ್ತು ಆಯಿತು, ಮರುದಿನ ತೂಗಿದಾಗಲೂ ನೂರ ಅರವತ್ತೇ ಬಂತು. ಅದನ್ನು ನೋಡಿ ಕವನಾ ಕಣ್ಣರಳಿಸಿ ಅಮ್ಮನ ಮುಖ ನೋಡಿದಳು. ಹೊನ್ನಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ಹುಡುಗಿ ನಾಲಗೆಯ ತುದಿ ಕಚ್ಚಿಕೊಂಡು ಬರೆಯುತ್ತಿದ್ದ ರೀತಿ ಥೇಟ್ ಸಾಂತಪ್ಪ ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವ ಹಾಗೇ ಇತ್ತು. ಆ ಹೊತ್ತಿಗೆ ಎಲ್ಲವನ್ನೂ ಹೇಳಿಬಿಡುವವಳೇ ಇದ್ದಳು.

ಅಷ್ಟರಲ್ಲಿ ಧರ್ಮೇಶ ಬಾಗಿಲಲ್ಲಿ ಬಂದು ನಿಂತ. ಕವನಾಳ ಕಾಗದವನ್ನು ಇಣುಕಿ ನೋಡಿ, ಬಹಳ ಖುಷಿಯಿಂದಲೇ ಹೇಳಿದ.

"ಇನ್ನು ಟೆನ್ಷನ್ ಇಲ್ಲ ಕವನಾ. ಒಂದು ಸಲ ಪೇಪರಿಗೆ ಬಂತು ಅಂದ್ರೆ ಯಾರು ಬೇಕಾದ್ರೂ ಮಾಡ್ಬಹುದು."

ಹೊನ್ನಮ್ಮ ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟಳು. ಯಾರು ಬೇಕಾದರೂ! ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಇದೇ ಪೈಯ ಅಂಚು ಮುರಿದು ತಿನ್ನಿಸಿದವಳು ಇಲ್ಲೇ ನಿಂತಿದ್ದಾಳೆ, ಇವಳ ಮುಂದೆಯೇ ಈ ಮಾತು. ಅವನು ಹೋದ ಮೇಲೆ ಕವನಾ ಕಾಗದದ ಕೊನೆಯಲ್ಲಿ ಪೆನ್ನು ಇಟ್ಟುಕೊಂಡು, ಉಂಟು ಅನ್ನುವುದನ್ನು ಉಟ್ಟು ಅನ್ನುವ ತಮ್ಮ ಮನೆಮಾತಿನಲ್ಲಿ ಕೇಳಿದಳು.

"ಮತ್ತೆಂತ ಉಟ್ಟು ಅವ್ವ? ನೆನಪು ಮಾಡಿ ಹೇಳು."

"ಒಳಗೆ ಹೋಗುದು ಇಷ್ಟೇ," ಎಂದಳು ಹೊನ್ನಮ್ಮ.

ಸುಳ್ಳಲ್ಲ. ಸುಣ್ಣದ ತಿಳಿ ಒಳಗೆ ಹೋಗುವುದಿಲ್ಲ, ಬಚ್ಚಲಿಗೆ ಹೋಗುತ್ತದೆ. ಕವನಾ ಸಂಜೆ ಕಂಪ್ಯೂಟರಿಗೆ ಹಾಕುವ ಮೊದಲು ಇನ್ನೊಂದು ಸಲ ಕೇಳಿದಳು. ಹೊನ್ನಮ್ಮ ಎಲೆಗೆ ಸುಣ್ಣ ಹಚ್ಚುತ್ತಾ, ಇಷ್ಟೇ ಅಂತ ಎಷ್ಟು ಸಲ ಹೇಳುವುದು ಎಂದು ರೇಗಿದಳು.

ಕಾರ್ಡು ಅಚ್ಚಾಗಿ ಬಂತು. ಒಂದು ತುಂಡಿಗೆ ನಾನೂರ ಹತ್ತು ಕ್ಯಾಲೊರಿ, ಸಕ್ಕರೆ ಇಪ್ಪತ್ತೆಂಟು ಗ್ರಾಂ, ಕೊಬ್ಬು ಹದಿನೇಳು, ಪ್ರೋಟೀನು ನಾಲ್ಕು. ಕರಂಡೆಯಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ, ಅದನ್ನೂ ಹಾಕುವ ಎಂದು ಕವನಾ ಕೇಳಿಕೊಂಡಿದ್ದಳು. ಬೇಲಿಯ ಹಣ್ಣು ಅಂತ ಗೊತ್ತಾದರೆ ಯಾರು ತಿನ್ನುತ್ತಾರೆ ಎಂದು ಧರ್ಮೇಶ ಆ ಸಾಲು ಹೊಡೆದುಹಾಕಿಸಿದ. ಕರಂಡೆ ಒಳಗಿನ ಕಾಗದದಲ್ಲಿ ಮಾತ್ರ ಉಳಿಯಿತು. ಆ ಕಾಗದದ ಕೆಳಗೆ ಕವನಾಳ ಸಹಿಯಿತ್ತು, ಹೆಸರಿನ ಮುಂದೆ ಡಿಗ್ರಿಯಿತ್ತು. ಹೊನ್ನಮ್ಮ ಓದು ಬರಹ ಅಷ್ಟಾಗಿ ಬಾರದವಳು, ಆದರೂ ಆ ಸಹಿಯ ಮೇಲೆ ಬೆರಳಾಡಿಸಿ ನೋಡಿದ್ದಳು.

ಎರಡು ವಾರಕ್ಕೆ ಶಶಿಕುಮಾರ್ ಬಂದ. ಮೈಸೂರಿನ ದೊಡ್ಡ ಹೋಟೆಲಿನಲ್ಲಿದ್ದ ಶೆಫ್. ಮರ್ಯಾದಸ್ಥ ಹುಡುಗ, ಬಂದವನೇ ಹೊನ್ನಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಬೈಯೋಣವೆಂದರೂ ದಾರಿ ಇಡಲಿಲ್ಲ. ಅದೇ ಸಂಜೆ ಧರ್ಮೇಶ ಅವಳನ್ನು ವರಾಂಡಕ್ಕೆ ಕರೆದು, ಕುರ್ಚಿ ಕೊಟ್ಟು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. ಹೊನ್ನಮ್ಮಕ್ಕನಿಗೆ ವಯಸ್ಸಾಯಿತು, ಮಂಡಿ ನೋವು ಬೇರೆ. ಇನ್ನು ವಿಶ್ರಾಂತಿ ಬೇಡವೇ? ಸುಂಟಿಕೊಪ್ಪದಲ್ಲಿ ತಮ್ಮ ಇದ್ದಾನಲ್ಲ. ಔಟ್‌ಹೌಸಿನ ಜಾಗದಲ್ಲಿ ಇನ್ನೆರಡು ಕಾಟೇಜು ಕಟ್ಟುವ ಪ್ಲಾನು ಉಂಟು, ಅವಸರವೇನಿಲ್ಲ, ಮಳೆ ಹಿಡಿಯುವ ಮುಂಚೆ ಖಾಲಿಯಾದರೆ ಸಾಕು. ಕವನಾಗೆ ಸ್ಟಾಫ್ ರೂಮಿನಲ್ಲಿ ಮಂಚ ಇದ್ದೇ ಇದೆ. ಹೊನ್ನಮ್ಮ ಕುರ್ಚಿಯ ತುದಿಯಲ್ಲಿ ಕೂತು ಎಲ್ಲದಕ್ಕೂ ತಲೆಯಾಡಿಸಿದಳು. ಎದ್ದು ಬರುವಾಗ ಕುರ್ಚಿಯನ್ನು ಒಳಗಿಟ್ಟು ಬಂದಳು, ಅಭ್ಯಾಸಬಲ.

ಕವನಾ ಅತ್ತಳು. ಕಾಯಂ ಆಗಲಿ, ಮಡಿಕೇರಿಯಲ್ಲಿ ಒಂದು ರೂಮು ಹಿಡಿಯುವ, ನೀನು ನನ್ನ ಜೊತೆಗೇ ಇರು ಎಂದಳು. ಹೊನ್ನಮ್ಮ ಅಳಲಿಲ್ಲ. ಅವಳ ಹೊಟ್ಟೆಯೊಳಗೆ ಒಂದು ಬಿಸಿ ಸಮಾಧಾನ ಕೂತಿತ್ತು. ಮಾಡಲಿ, ಮಾಡಿ ನೋಡಲಿ. ಕಾಗದ ಹಿಡಿದುಕೊಂಡು ಬೇಯಿಸಲಿ. ಮೊದಲ ತುಂಡು ಬಾಯಿಗಿಟ್ಟ ಮರುಗಳಿಗೆ ಸಣ್ಣ ಸಾವ್ಕಾರರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಔಟ್‌ಹೌಸಿಗೆ ಓಡಿ ಬರುತ್ತಾರೆ. ಆಗ ತಾನು ತಕ್ಷಣ ಏಳಬಾರದು, ಎಲೆ ಹಾಕಿಕೊಂಡು ನಿಧಾನಕ್ಕೆ ಏಳಬೇಕು ಎಂದು ಕೂಡ ಯೋಚಿಸಿಟ್ಟುಕೊಂಡಿದ್ದಳು.

ಶಶಿಕುಮಾರನ ಮೊದಲ ಚೆರ್ರಿ ಪೈಗೆ ದಿನ ಗೊತ್ತಾಯಿತು. ಭಾನುವಾರ ಮಧ್ಯಾಹ್ನ, ಮೂವತ್ತು ಜನರ ಒಂದು ತಂಡಕ್ಕೆ. ಗ್ರಾಮಿನ ಲೆಕ್ಕವೇ ಇರುವಾಗ ಮೊದಲೊಮ್ಮೆ ಮಾಡಿ ನೋಡುವ ಅಗತ್ಯವಿಲ್ಲ ಎಂದ ಧರ್ಮೇಶ. ಹಿಂದಿನ ದಿನ ಬೆಳಿಗ್ಗೆಯೇ ಕವನಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಮ್ಮನ ಪಕ್ಕ ಬಂದು ಕೂತಳು. ಅವಳ ಮುಖದಲ್ಲಿ ಪರೀಕ್ಷೆಯ ಮುಂಚಿನ ಅಳುಕಿತ್ತು.

"ಅವ್ವ, ಪೇಪರ್ ಸರಿ ಉಟ್ಟಲ್ಲ?"

ಆ ಕಲ್ಲಿನ ಕೆಳಗೇ ಸುಣ್ಣದ ತಿಳಿ ಹರಿದು ಹರಿದು ಬೆಳ್ಳಗಾದ ನೆಲವಿತ್ತು. ಹೊನ್ನಮ್ಮ ಅದನ್ನು ನೋಡಿದಳು. ಬಾಯಿಯವರೆಗೂ ಬಂತು. ಹೇಳಿದರೆ ನಾಳೆ ಪೈ ಚೆನ್ನಾಗಿ ಆಗುತ್ತದೆ, ನಾಡಿದ್ದು ತನ್ನ ಪೆಟ್ಟಿಗೆ ಕಟ್ಟಬೇಕು.

"ಸರಿ ಉಟ್ಟು," ಎಂದಳು.

ಭಾನುವಾರ ಅವಳು ಔಟ್‌ಹೌಸಿನ ಕಿಟಕಿಗೆ ಆತುಕೊಂಡು ನಿಂತಳು. ಹುಲ್ಲುಹಾಸಿನ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜುಗಳು, ಪ್ರತಿ ಮೇಜಿನ ಮೇಲೂ ಕವನಾಳ ಕಾರ್ಡು. ಪೈ ನೋಡಲು ಏನೂ ಕಡಿಮೆಯಿರಲಿಲ್ಲ, ಅಂಚಿಗೆ ಜಡೆ ಹೆಣೆದ ಹಾಗೆ ಹೆಣೆದಿದ್ದ ಹುಡುಗ. ಮೊದಲು ಒಬ್ಬಳು ಹೆಂಗಸು ಅಗಿಯುವುದನ್ನು ನಿಲ್ಲಿಸಿದಳು. ಆಮೇಲೆ ಪಕ್ಕದವನು ಕಾಗದದ ಕರವಸ್ತ್ರ ಬಾಯಿಗೆ ಹಿಡಿದ. ಒಂದು ಮಗು ನಾಲಗೆ ಹೊರಗೆ ಹಾಕಿ ಅಳಲು ಶುರುಮಾಡಿತು. ತುದಿಯ ಮೇಜಿನ ಮುದುಕರೊಬ್ಬರ ಹಲ್ಲಿನ ಸೆಟ್ಟು ಪೈಯ ತುಂಡಿಗೆ ಅಂಟಿಕೊಂಡು ಈಚೆಗೇ ಬಂದುಬಿಟ್ಟಿತು. ಹೊನ್ನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಒಂದು ತಿಂಗಳಲ್ಲಿ ನಕ್ಕದ್ದು ಅದೇ ಮೊದಲು. ಅಬ್ಬಾ, ಎಂಥಾ ನಗು ಅದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಮುಖ ತೊಳೆದು, ಹೊಸ ಸೀರೆ ಉಟ್ಟು, ಎಲೆ ಹಾಕಿಕೊಂಡು ಕಾದಳು.

ಧರ್ಮೇಶ ಓಡಿ ಬರಲಿಲ್ಲ. ಜೀಪಿನ ಡ್ರೈವರ್ ಕಾಳ ಬಂದು, ಅಡುಗೆಮನೆಗೆ ಬರಬೇಕಂತೆ ಅಕ್ಕ ಎಂದ. ಕರೆದದ್ದಂತೂ ಹೌದಲ್ಲ, ಅಷ್ಟು ಸಾಕು ಎಂದುಕೊಂಡು ಹೊನ್ನಮ್ಮ ತಲೆಯೆತ್ತಿಕೊಂಡು ಹೊಸಿಲು ದಾಟಿದಳು.

ಒಳಗೆ ಗೋಡೆಗೆ ಒತ್ತಿಕೊಂಡು ಕವನಾ ನಿಂತಿದ್ದಳು. ಕೈಯಲ್ಲಿ ಆ ಕಾಗದ. ಕಣ್ಣು ಕೆಂಪಾಗಿತ್ತು. ತಾನು ಗ್ರಾಮು ಬಿಡದೆ ಪೇಪರಿನಲ್ಲಿದ್ದಂತೆಯೇ ಮಾಡಿದ್ದು ಎಂದು ಶಶಿಕುಮಾರ್ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. ಗೆಸ್ಟುಗಳು ಫೋಟೋ ಸಮೇತ ಬರೆದು ಹಾಕುತ್ತಿದ್ದಾರಂತೆ, ಸಹಿ ಮಾಡಿದವಳು ಡಿಗ್ರಿಯವಳಂತೆ, ಇಂಥ ಡಿಗ್ರಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಧರ್ಮೇಶ ಎಲ್ಲರ ಮುಂದೆ ಕೇಳುತ್ತಿದ್ದ. ಇವಳನ್ನು ಇಟ್ಟುಕೊಂಡರೆ ಗೆಸ್ಟುಗಳಿಗೆ ವಿಷ ಹಾಕಿದವರು ಅನ್ನಿಸಿಕೊಳ್ಳಬೇಕಾಗುತ್ತದೆ, ಇನ್ನು ಎಲ್ಲಿ ಕೆಲಸ ಕೇಳಿಕೊಂಡು ಹೋದರೂ ಅಲ್ಲಿಗೆ ತಾನೇ ಫೋನ್ ಮಾಡಿ ಹೇಳುವುದಾಗಿ ಕೂಗಾಡಿದ.

 ಒಂದು ತಿಂಗಳು ಕೂತು ಹೊನ್ನಮ್ಮ ಎಲ್ಲವನ್ನೂ ಯೋಚಿಸಿದ್ದಳು. ಧರ್ಮೇಶನ ಮುಖ ಹೇಗಾಗಬಹುದು, ತಾನು ಎಷ್ಟು ಹೊತ್ತಿಗೆ ಏಳಬೇಕು, ಮೊದಲ ಮಾತು ಏನಾಡಬೇಕು, ಎಲ್ಲವನ್ನೂ. ಕಾಗದದ ಕೆಳಗಿದ್ದ ಸಹಿಯನ್ನು ಮಾತ್ರ ಯೋಚಿಸಿರಲಿಲ್ಲ. ಬೆರಳಾಡಿಸಿ ನೋಡಿದ್ದ ಸಹಿ ಅದು. ಥೂ, ನಾನೆಂಥ ತಾಯಿ ಎಂದು ಅನ್ನಿಸಿ ಬಾಯೊಳಗಿನ ಎಲೆ ಕಹಿಯಾಯಿತು.

ಧರ್ಮೇಶ ಅವಳ ಕಡೆ ತಿರುಗಿದ. "ಹೊನ್ನಮ್ಮಕ್ಕ, ನೀವೇ ಹೇಳಿ. ಇವಳು ತಪ್ಪು ಬರೆದದ್ದಾ, ನೀವು ತಪ್ಪು ಹೇಳಿದ್ದಾ? ಇವಳದ್ದು ತಪ್ಪು ಅಂತಾದ್ರೆ ನಾಳೆಯಿಂದ ಪೈ ನೀವೇ ಮಾಡಿ, ಔಟ್‌ಹೌಸಿನ ಮಾತು ಆಮೇಲೆ ನೋಡುವ."

ಕಾದದ್ದು ಇದನ್ನೇ. ಒಂದೇ ಒಂದು ಮಾತು ಸಾಕಿತ್ತು. ಹೊನ್ನಮ್ಮ ಮಗಳನ್ನು ನೋಡಿದಳು. ಕವನಾ ಅಳು ನಿಲ್ಲಿಸಿ ಅಮ್ಮನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಗಿಹೋಗಿತ್ತು.

"ನಾನು ಮೂರು ಸಲ ಕೇಳಿದ್ದೆ ಅವ್ವ," ಎಂದಳು ಅವಳು, ಮೆಲ್ಲಗೆ.

ಹೊನ್ನಮ್ಮ ಸೊಂಟದ ಚೀಲ ಬಿಚ್ಚಿ ಸುಣ್ಣದ ಡಬ್ಬಿಯನ್ನು ಗಾಜಿನ ತಕ್ಕಡಿಯ ಪಕ್ಕ ಇಟ್ಟಳು.

"ಮಗಳದ್ದು ತಪ್ಪಿಲ್ಲೆ ಸಾವ್ಕಾರ್ರೇ. ನಾನು ಹೇಳ್ಲಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು. ಉಗುರಿನಷ್ಟು ಸುಣ್ಣ, ಮಡಕೆ ನೀರು, ಮೇಲಿನ ತಿಳಿ, ಸೂಜಿಯ ಚುಚ್ಚು, ಒಂದು ದಿನ ನೆನೆಹಾಕುವುದು, ಮೂರು ಸಲ ತೊಳೆಯುವುದು. ಹೇಳಿ ಮುಗಿಸಲು ಎಲೆ ಮಡಚುವಷ್ಟು ಹೊತ್ತೂ ಹಿಡಿಯಲಿಲ್ಲ. ಅತ್ತೆಯ ಆಯುಷ್ಯ, ತನ್ನ ಮೂವತ್ತೊಂದು ವರ್ಷ, ಎಲ್ಲ ಸೇರಿ ಇಷ್ಟೇ ಆಗಿತ್ತೇ ಎಂದು ಅವಳಿಗೇ ಆಶ್ಚರ್ಯವಾಯಿತು. ಶಶಿಕುಮಾರ್ ಗೌರವದಿಂದ ತಲೆಯಾಡಿಸುತ್ತಾ ಬರೆದುಕೊಂಡ, ಬಹಳ ಒಳ್ಳೆಯ ವಿಧಾನ ಎಂದ. ಧರ್ಮೇಶನ ಸಿಟ್ಟು ಒಮ್ಮೆಗೇ ಇಳಿದುಹೋಗಿ ಅವನು ನಗತೊಡಗಿದ. ಇಷ್ಟಕ್ಕೇನಾ ಎಂದ. ವಯಸ್ಸಾದವರು, ಮರೆವು ಸಹಜ ಎಂದು ತಾನೇ ಅವಳಿಗೊಂದು ನೆಪವನ್ನೂ ಕೊಟ್ಟ. ಕವನಾ, ಇದನ್ನೂ ಪೇಪರಿಗೆ ಸೇರಿಸು, ಫೈಲಿನಲ್ಲಿ ಸರಿಯಾಗಿರಲಿ ಎಂದ. ಔಟ್‌ಹೌಸಿನ ಮಾತು ಯಾರೂ ಎತ್ತಲಿಲ್ಲ.

ಕವನಾ ಕಣ್ಣೊರೆಸಿಕೊಂಡು ಮೇಜಿನ ಮುಂದೆ ಕೂತಳು. ಕಾಗದದಲ್ಲಿ ಒಂದೊಂದು ಸಾಮಾನಿನ ಹೆಸರಿನ ಮುಂದೆಯೂ ನಾಲ್ಕು ಮನೆಗಳಿದ್ದವು: ಕ್ಯಾಲೊರಿ, ಸಕ್ಕರೆ, ಕೊಬ್ಬು, ಪ್ರೋಟೀನು. ಕರಂಡೆಯ ಕೆಳಗೆ ಸುಣ್ಣದ ತಿಳಿ ಎಂದು ಬರೆದಳು. ಚೆಲ್ಲುವ ನೀರು ತಾನೇ. ಒಂದೊಂದೇ ಮನೆಯಲ್ಲಿ ಸೊನ್ನೆ ಹಾಕುತ್ತಾ ಹೋದಳು, ನಾಲ್ಕೂ ಸೊನ್ನೆ. ಕೆಳಗೆ ಹೊಸದಾಗಿ ಸಹಿ ಹಾಕಿದಳು. ಅಷ್ಟು ಹೊತ್ತು ಪಕ್ಕದಲ್ಲೇ ನಿಂತಿದ್ದ ಅಮ್ಮನ ಕಡೆ ಅವಳು ತಲೆಯೆತ್ತಲಿಲ್ಲ.

ಮೇ ತಿಂಗಳ ಕೊನೆಯ ಗುರುವಾರ ಹೊನ್ನಮ್ಮ ಹೊರಟಳು. ಒಂದು ಟ್ರಂಕು, ಎರಡು ಚೀಲ, ಸಾಂತಪ್ಪನ ಫೋಟೋ. ಈ ನಡುವಿನ ದಿನಗಳಲ್ಲಿ ಕವನಾ ಸ್ಟಾಫ್ ರೂಮಿಗೆ ಹೋಗಿದ್ದಳು. ಊಟವಾಯಿತಾ ಎಂದು ಕೇಳುತ್ತಿದ್ದಳು, ಮಾತ್ರೆ ತಂದುಕೊಡುತ್ತಿದ್ದಳು, ಮಡಿಕೇರಿಯ ರೂಮಿನ ಮಾತನ್ನು ಮಾತ್ರ ಮತ್ತೆ ಆಡಲಿಲ್ಲ. ಹೊನ್ನಮ್ಮನೂ ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ. ಹೊರಡುವ ಹೊತ್ತಿಗೆ ಕವನಾಗೆ ಗೆಸ್ಟುಗಳ ತಿಂಡಿಯ ಡ್ಯೂಟಿ. ಜೀಪಿನಲ್ಲಿ ಮಡಿಕೇರಿ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟ ಕಾಳ, ಟ್ರಂಕು ಬಸ್ಸಿಗೆ ಹಾಕಿದ ಮೇಲೆ, ಕವನಕ್ಕ ಕೊಟ್ಟದ್ದು ಎಂದು ಒಂದು ರಟ್ಟಿನ ಡಬ್ಬಿಯನ್ನು ಅವಳ ಮಡಿಲಿಗಿಟ್ಟ.

ಡಬ್ಬಿಯೊಳಗೆ ಚೆರ್ರಿ ಪೈಯ ಒಂದು ತುಂಡು, ಮೇಲೆ ಆ ಕಾರ್ಡು. ಹೊನ್ನಮ್ಮ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅಚ್ಚಿನ ಅಂಕಿಗಳು ಬಿಟ್ಟರೆ ಪೆನ್ನಿನಲ್ಲಿ ಬರೆದ ಒಂದಕ್ಷರವೂ ಇರಲಿಲ್ಲ.

ಮೂವತ್ತೊಂದು ವರ್ಷದಲ್ಲಿ ಅವಳು ಅಂಚು ತಿಂದಿದ್ದಳು, ಒಡೆದದ್ದು ತಿಂದಿದ್ದಳು, ಪಾತ್ರೆಗೆ ಹತ್ತಿದ್ದು ಕೆರೆದು ತಿಂದಿದ್ದಳು. ಇಡೀ ಒಂದು ತುಂಡನ್ನು ಕೂತು ತಿಂದದ್ದಿರಲಿಲ್ಲ. ಬಸ್ಸು ಇಳಿಜಾರಿಗೆ ತಿರುಗಿದಾಗ ಒಂದು ಚೂರು ಮುರಿದು ಬಾಯಿಗಿಟ್ಟಳು. ಹೊದಿಕೆ ಹದವಾಗಿ ಪುಡಿಯಾಯಿತು. ಹಣ್ಣು ಗಟ್ಟಿಯಾಗಿತ್ತು, ಅಂಟಲಿಲ್ಲ. ಗಂಟಲು ಕೆರೆಯಲಿಲ್ಲ. ಸಕ್ಕರೆ ಜಾಸ್ತಿಯಿರಬಹುದು ಎಂದು ಇನ್ನೊಂದು ಚೂರು ಮುರಿದಳು, ಬೆಣ್ಣೆ ಕಡಿಮೆಯಿರಬಹುದು ಎಂದು ಮತ್ತೊಂದು. ಸುಂಟಿಕೊಪ್ಪದಲ್ಲಿ ಇಳಿಯುವವರೆಗೂ ಒಂದು ತಪ್ಪಿಗಾಗಿ ಹುಡುಕುತ್ತಲೇ ಇದ್ದಳು. ಸಿಗಲಿಲ್ಲ.